ನಾಲ್ಕು ಸ್ಕ್ರೂಗಳ ಹಿಂದೆ

ಹಮಾಮಾತ್ಸುವಿನ ಹಳೆಯ ಸಾಮಾನಿನ ಅಂಗಡಿಯೊಂದರ ಕೊನೆಯ ಮೂಲೆ. ಒಂದು ಕಡೆ ರೈಸ್ ಕುಕ್ಕರ್‌ಗಳ ಸಾಲು, ಇನ್ನೊಂದು ಕಡೆ ಹಿಮದಲ್ಲಿ ಜಾರುವವರ ಬೂಟುಗಳು. ನಡುವೆ ನೀಲಿ ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ ಐದಾರು ಗಿಟಾರುಗಳನ್ನು ಸೌದೆಯಂತೆ ನಿಲ್ಲಿಸಿದ್ದರು. ಮೇಲೆ ‘ಜಂಕ್’ ಎಂಬ ಫಲಕ. ಜಪಾನಿನ ಅಂಗಡಿಗಳಲ್ಲಿ ಈ ಪದಕ್ಕೆ ನಮ್ಮ ಗುಜರಿಗಿಂತ ತುಸು ಬೇರೆ ಅರ್ಥವಿದೆ. ಕೆಲಸ ಮಾಡುತ್ತದೆಯೋ ಇಲ್ಲವೋ ನಾವು ಹೊಣೆಯಲ್ಲ, ಕೊಂಡ ಮೇಲೆ ವಾಪಸು ತರಬೇಡಿ ಎಂಬ ಕರಾರು ಅದು.

ಬುಟ್ಟಿಯಲ್ಲಿ ಮಂದ್ರ ಸ್ವರ ನುಡಿಸುವ ಒಂದು ಬೇಸ್ ಗಿಟಾರ್ ಇತ್ತು. ಕಂದು ಬಣ್ಣ, ನಾಲ್ಕು ತಂತಿ ಇರಬೇಕಾದಲ್ಲಿ ಮೂರು, ಬೆಲೆ 8,000 ಯೆನ್. ಚೀಟಿಯಲ್ಲಿ ದೋಷಗಳನ್ನು ಕೈಬರಹದಲ್ಲಿ ಬರೆದಿದ್ದರು: ನೆಕ್ (ತಂತಿ ಹಾಯುವ ಉದ್ದನೆಯ ಕತ್ತು) ಬಾಗಿದೆ, ಫ್ರೆಟ್‌ಗಳು (ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು) ಸವೆದಿವೆ, ‘ಗರಿ’ ಇದೆ. ಈ ಗರಿ ಏನೆಂದು ಜೊತೆಗಿದ್ದ ಸಹೋದ್ಯೋಗಿಯನ್ನು ಕೇಳಿದೆ. ಅವನು ಗಾಳಿಯಲ್ಲಿ ವಾಲ್ಯೂಮ್ ತಿರುಗಿಸುವಂತೆ ಬೆರಳಾಡಿಸಿ ಬಾಯಲ್ಲಿ ಗರ್‌ರ್ ಎಂದ. ಒಳಗೆ ಧೂಳು ಕೂತಾಗ ಬರುವ ಸದ್ದು. ನಾವು ಗರಗರ ಎನ್ನುತ್ತೇವೆ, ಅವರು ಗರಿ ಎನ್ನುತ್ತಾರೆ. ಆರು ತಿಂಗಳ ಜಪಾನೀ ಪಾಠದಲ್ಲಿ ಅನುವಾದದ ಹಂಗಿಲ್ಲದೆ ನನಗೆ ಅರ್ಥವಾದ ಮೊದಲ ಪದ ಅದೇ ಇರಬೇಕು.

ಅದು 2012. ವಾಹನ ತಯಾರಿಕೆಯ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದೆ. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಯಾರದೋ ಬೇಸ್ ಇಸಿದುಕೊಂಡು ನುಡಿಸಿದ್ದನ್ನು ಬಿಟ್ಟರೆ ಆ ವಾದ್ಯದ ನಂಟು ತಪ್ಪಿಹೋಗಿತ್ತು. ಹಮಾಮಾತ್ಸು ಯಮಹಾ, ಕವಾಯ್, ತೋಕಾಯ್ ಕಂಪನಿಗಳ ಊರು. ರೈಲು ನಿಲ್ದಾಣದಲ್ಲೇ ಪಿಯಾನೋ ಇಟ್ಟಿರುವ ಊರಿನಲ್ಲಿ ಇದ್ದುಕೊಂಡು ಬರಿಗೈಯಲ್ಲಿ ಇರುವುದು ಕಷ್ಟ. ಕೊಂಡೆ.

ನೆಕ್‌ನ ತುದಿಯ ತಲೆಭಾಗವಾದ ಹೆಡ್‌ಸ್ಟಾಕಿನ ಮೇಲೆ ‘ಗ್ರೆಕೋ’ ಎಂದಿತ್ತು. ಕೇಳದ ಹೆಸರು. ಬೆನ್ನಿಗೆ ತಿರುಗಿಸಿದರೆ, ನೆಕ್ ದೇಹವನ್ನು ಕೂಡುವ ಕಡೆ ನಾಲ್ಕು ಸ್ಕ್ರೂಗಳಿಂದ ಬಿಗಿದ ಲೋಹದ ತಗಡು, ಅದರ ಮೇಲೆ ‘ಎಚ್78’ ಎಂದು ಮೊದಲಾಗುವ ಸಂಖ್ಯೆ. ಹತ್ತು ನಿಮಿಷ ಹುಡುಕಿದ್ದಕ್ಕೆ ಗುಟ್ಟು ಬಿಚ್ಚಿಕೊಂಡಿತು. ಆ ಕಾಲದ ಗ್ರೆಕೋ ಮತ್ತು ಐಬನೀಜ್ ವಾದ್ಯಗಳಲ್ಲಿ ಮೊದಲ ಅಕ್ಷರ ತಿಂಗಳನ್ನು ಸೂಚಿಸುತ್ತದೆ, ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ನಂತರದ ಎರಡು ಅಂಕೆ ವರ್ಷ. ಹಾಗಾಗಿ ಇದು 1978ರ ಆಗಸ್ಟ್. ನನಗಿಂತ ಹಿರಿಯ. ಅಂದಿನಿಂದ ನಾಲ್ಕು ವರ್ಷ, ಮನೆಗೆ ಬಂದವರಿಗೆಲ್ಲ ಚಹಾ ಕೊಡುವುದಕ್ಕೂ ಮೊದಲು ಆ ಇಸವಿಯನ್ನು ಹೇಳುತ್ತಿದ್ದೆ.

ಈ ಎರಡು ಹೆಸರುಗಳಿಗೆ ಒಂದೇ ಬಗೆಯ ಸಂಖ್ಯೆ ಏಕೆ ಎಂದು ಯೋಚಿಸಿದ ದಿನ ನಿಜವಾದ ಹುಚ್ಚು ಹಿಡಿಯಿತು. ಉತ್ತರ ಇಷ್ಟೇ: ಎರಡೂ ಬಹುಮಟ್ಟಿಗೆ ಒಂದೇ ಕಾರ್ಖಾನೆಯಿಂದ ಹೊರಬರುತ್ತಿದ್ದವು. ನಾಗಾನೋ ಪ್ರಾಂತ್ಯದ ಮಾತ್ಸುಮೋತೋ ಊರಿನಲ್ಲಿ 1960ರಲ್ಲಿ ಶುರುವಾದ ಫೂಜಿಗೆನ್ ಗಕ್ಕಿ ಎಂಬ ಕಾರ್ಖಾನೆ ಅದು. ‘ಗೆನ್’ ಎಂದರೆ ತಂತಿ. ಐಬನೀಜ್ ಎಂಬುದು ನಾಗೋಯಾದ ಹೋಶಿನೋ ಗಕ್ಕಿ ಎಂಬ ವ್ಯಾಪಾರಿ ಸಂಸ್ಥೆಯ ಬ್ರ್ಯಾಂಡ್ ಹೆಸರು. ಅದನ್ನೂ ಸ್ಪೇನಿನ ಸಾಲ್ವಡೋರ್ ಇಬಾನ್ಯೆಸ್ ಎಂಬ ಗಿಟಾರ್ ತಯಾರಕನಿಂದ ಪಡೆದದ್ದು. ಗ್ರೆಕೋ ಎಂಬುದು ತೋಕಿಯೋದ ಕಾಂಡಾ ಶೋಕಾಯ್ ಎಂಬ ಇನ್ನೊಂದು ವ್ಯಾಪಾರಿ ಸಂಸ್ಥೆಯದು. ಒಂದೇ ಗಿರಣಿಯ ಅಕ್ಕಿ ಬೇರೆ ಬೇರೆ ಮಂಡಿಗಳ ಚೀಲಗಳಲ್ಲಿ ಹೋದ ಹಾಗೆ. ಚೀಲದ ಮೇಲಿನ ಚಿತ್ರ ನೋಡಿ ಅಕ್ಕಿಯ ಗುಣ ಹೇಳುವವನನ್ನು ನಾವು ನಂಬುವುದಿಲ್ಲ. ಗಿಟಾರಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಮೊದಲು ಹೆಡ್‌ಸ್ಟಾಕನ್ನೇ ನೋಡುತ್ತಾರೆ.

ಅದೇ ಊರಿನಲ್ಲಿ ಇನ್ನೊಂದು ಕಾರ್ಖಾನೆ ಇತ್ತು, ಮಾತ್ಸುಮೋಕು. ‘ಮಾತ್ಸುಮೋತೋ ಮರಗೆಲಸ’ ಎಂಬುದರ ಮೊಟಕು ರೂಪ. ಅವರು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದವರು. ಆ ಯಂತ್ರವನ್ನು ಮಡಚಿ ಒಳಗಿಡುವ ಮೇಜು ನಮ್ಮ ಅಜ್ಜಿಯ ಮನೆಯಲ್ಲೂ ಇತ್ತು, ಮುಚ್ಚಳ ಮುಚ್ಚಿದರೆ ಸಂದು ಕಾಣುತ್ತಿರಲಿಲ್ಲ. ಅಂಥ ಕೆಲಸ ಕಲಿತ ಕೈಗಳು ಗಿಟಾರಿನ ಕಡೆಗೆ ತಿರುಗಿದಾಗ ಆದದ್ದು ಆರಿಯಾ ಪ್ರೋ 2, ವೆಸ್ಟೋನ್, ವಾಂಟೇಜ್, ಇಲೆಕ್ಟ್ರಾ ಮುಂತಾದ ಹೆಸರುಗಳ ವಾದ್ಯಗಳು. ಆರಿಯಾದ ಎಸ್‌ಬಿ-1000 ಎಂಬ ಬೇಸ್‌ನಲ್ಲಿ ನೆಕ್ ಬೇರೆ, ದೇಹ ಬೇರೆ ಅಲ್ಲ. ಮೇಪಲ್ ಮತ್ತು ವಾಲ್‌ನಟ್ ಪಟ್ಟಿಗಳನ್ನು ಅಂಟಿಸಿ ಮಾಡಿದ ಒಂದೇ ದಂಡ ತಲೆಯಿಂದ ಬಾಲದ ತನಕ ಹಾದುಹೋಗುತ್ತದೆ, ದೇಹದ ಎರಡು ರೆಕ್ಕೆಗಳನ್ನು ಅದರ ಅಕ್ಕಪಕ್ಕ ಅಂಟಿಸಿರುತ್ತಾರೆ. 24 ಫ್ರೆಟ್, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂದೇ ದಪ್ಪ ಪಿಕಪ್, ಆರು ಮನೆಗಳ ತಿರುಗು ಸ್ವಿಚ್ಚು. ಅಬ್ಬರದ ಮೆಟಲ್ ತಂಡ ಮೆಟಾಲಿಕಾದ ಕ್ಲಿಫ್ ಬರ್ಟನ್, ಪಾಪ್ ತಂಡ ಡುರಾನ್ ಡುರಾನ್‌ನ ಜಾನ್ ಟೇಲರ್ ಇಬ್ಬರೂ ಆರಿಯಾದ ಎಸ್‌ಬಿ ಬೇಸ್‌ಗಳನ್ನು ನುಡಿಸಿದವರು. ಅವರಿಬ್ಬರ ಸಂಗೀತಕ್ಕೆ ಎಣ್ಣೆ ಸೀಗೆಕಾಯಿಯ ಸಂಬಂಧ, ಕೈಯಲ್ಲಿದ್ದದ್ದು ಮಾತ್ರ ಒಂದೇ ಮನೆತನದ ವಾದ್ಯ.

ಸಂಗ್ರಹಿಸುವವನ ದೃಷ್ಟಿಯಿಂದ ಇಂಥ ವಾದ್ಯದ ದೊಡ್ಡ ಗುಣ ಬೇರೆಯೇ: ಬಿಚ್ಚಲು ನೆಕ್‌ನ ಸ್ಕ್ರೂಗಳೇ ಇಲ್ಲ. ಯಾರೂ ಇದರ ನೆಕ್ ತೆಗೆದು ಇನ್ನೊಂದಕ್ಕೆ ಕೂರಿಸಿರಲು ಸಾಧ್ಯವಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ನಾನು ಒಮ್ಮೆ ಮಾತ್ಸುಮೋತೋಗೆ ಹೋಗಿಬಂದೆ. ನಾಗೋಯಾದಿಂದ ಶಿನಾನೋ ರೈಲಿನಲ್ಲಿ ಎರಡು ಗಂಟೆ, ಕಿಸೋ ನದಿಯ ಕಣಿವೆಯುದ್ದಕ್ಕೂ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಊರು. ಒಣ ಹವೆ ಮರ ಹದವಾಗಲು ಒಳ್ಳೆಯದು, ಪೀಠೋಪಕರಣಕ್ಕೆ ಊರು ಹಿಂದಿನಿಂದಲೂ ಹೆಸರುವಾಸಿ. ಫೂಜಿಗೆನ್ ಇಂದಿಗೂ ಇದೆ. ಮಾತ್ಸುಮೋಕು 1987ರಲ್ಲೇ ಮುಚ್ಚಿಹೋಯಿತು. ನಾನು ಉಳಿದುಕೊಂಡ ಹೋಟೆಲಿನ ಹುಡುಗಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವಳು ಕೋಟೆಯ ನಕ್ಷೆಯನ್ನು ಕೈಗಿತ್ತಳು. ಕಪ್ಪು ಕೋಟೆ ನೋಡಿ, ಸೋಬಾ ತಿಂದು ಮರಳಿದೆ. ಆ ಯಾತ್ರೆಯಿಂದ ಬೇಸ್ ಬಗ್ಗೆ ಒಂದಕ್ಷರವೂ ಹೆಚ್ಚು ತಿಳಿಯಲಿಲ್ಲ.

ತಿಳಿದದ್ದೆಲ್ಲ ಕೊಂಡು ಕೆಟ್ಟು ತಿಳಿದದ್ದು. ಯಾಹೂ ಹರಾಜಿನಲ್ಲಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಸವಾಲುಗಳು, ಪಟ್ಟಿಯ ಕೊನೆಯಲ್ಲಿ ‘ನೋ ಕ್ಲೇಮ್, ನೋ ರಿಟರ್ನ್’ ಎಂಬ ಮಂತ್ರ. ಜಪಾನಿನ ಮಾರಾಟಗಾರರು ಒಂದೊಂದು ಗೀರಿನ ಫೋಟೋವನ್ನೂ ಹಾಕುತ್ತಾರೆ, ಆದರೆ ನೆಕ್ ಬಿಚ್ಚಿ ತೋರಿಸುವವರು ವಿರಳ. ಬಿಚ್ಚಿ ನೋಡದೆ ಅದು ಏನೆಂದು ತಿಳಿಯದು, ಕೊಳ್ಳದೆ ಬಿಚ್ಚುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಫೋಟೋದಲ್ಲಿಯೇ ಕಾಣುವ ಕೆಲವು ಗುರುತುಗಳಿವೆ. 1970ರ ದಶಕದ ಮೊದಲ ಭಾಗದ ಅಮೆರಿಕದ ಗಿಟಾರುಗಳ ಅಗ್ಗದ ಜಪಾನೀ ನಕಲುಗಳ ದೇಹ ಹೆಚ್ಚಾಗಿ ಪ್ಲೈವುಡ್. ಪಿಕಪ್ ಎತ್ತಿದ ಫೋಟೋ ಇದ್ದರೆ ಕುಳಿಯ ಗೋಡೆಯಲ್ಲಿ ಚಿರೋಟಿಯಂತೆ ಪದರಗಳು ಕಾಣುತ್ತವೆ. ದಶಕದ ಕೊನೆಗೆ ಬಂದಂತೆ ಒಳ್ಳೆಯ ಮಾದರಿಗಳಲ್ಲಿ ಇಡೀ ಮರ, ಎಷ್ಟೋ ಸಲ ‘ಸೆನ್’ ಎಂಬ ಜಪಾನೀ ಮರ. ದೂರದಿಂದ ಅಮೆರಿಕದ ಆ್ಯಶ್ ಮರದಂತೆಯೇ ಅದರ ನಾರು. ವಾಲ್ಯೂಮ್ ಗುಬುಟು ಕಿತ್ತರೆ ಒಳಗಿನ ಕಡ್ಡಿ 6 ಮಿಲಿಮೀಟರ್, ಹಲ್ಲುಹಲ್ಲಾಗಿರುತ್ತದೆ. ಅಮೆರಿಕದ್ದಾದರೆ ಕಾಲು ಇಂಚು, ಅಂದರೆ 6.35 ಮಿಲಿಮೀಟರ್, ಸಾಮಾನ್ಯವಾಗಿ ನುಣುಪು. ಈ ಅರ್ಧ ಮಿಲಿಮೀಟರೂ ಇಲ್ಲದ ವ್ಯತ್ಯಾಸದಿಂದ ಎಷ್ಟು ಸುಳ್ಳುಗಳು ಬಯಲಾಗಿವೆಯೋ! ಹೆಡ್‌ಸ್ಟಾಕಿನ ಹೆಸರನ್ನು ಕೆರೆದು ದುಬಾರಿ ಹೆಸರು ಅಂಟಿಸುವವರು ಈ ಕಡ್ಡಿಯನ್ನು ಮರೆತುಬಿಡುತ್ತಾರೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಇನ್ನು ‘ಲಾಸೂಟ್ ಗಿಟಾರ್’, ಅಂದರೆ ದಾವೆಯ ಗಿಟಾರ್, ಎಂಬ ಮಾತು. ಹಳೆಯ ಜಪಾನೀ ವಾದ್ಯ ಮಾರುವವರ ಬಾಯಲ್ಲಿ ಇದು ಸದಾ ಇರುತ್ತದೆ. ನಕಲು ಎಷ್ಟು ಚೆನ್ನಾಗಿತ್ತೆಂದರೆ ಅಮೆರಿಕದ ಕಂಪನಿಗಳು ಹೆದರಿ ಕೋರ್ಟಿಗೆ ಹೋದವು, ತಯಾರಿಕೆ ನಿಂತಿತು, ಆದ್ದರಿಂದ ಈ ಬೆಲೆ ಎಂಬುದು ಕಥೆಯ ಸಾರ. ನಡೆದದ್ದು ಇಷ್ಟು. 1977ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಒಡೆಯನಾದ ನಾರ್ಲಿನ್ ಕಂಪನಿಯು ಹೋಶಿನೋದ ಅಮೆರಿಕದ ವಿತರಕ ಸಂಸ್ಥೆ ಎಲ್ಗರ್ ವಿರುದ್ಧ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿತು. ತಕರಾರು ಇದ್ದದ್ದು ಹೆಡ್‌ಸ್ಟಾಕಿನ ಆಕಾರದ ಮೇಲೆ. ಆ ಹೊತ್ತಿಗೆ ಐಬನೀಜ್ ಆ ಆಕಾರವನ್ನು ಆಗಲೇ ಬದಲಿಸಿತ್ತು. ಮರುವರ್ಷ ಇಬ್ಬರೂ ಹೊರಗೇ ರಾಜಿಯಾದರು. ಇದರಲ್ಲಿ ಅಮೆರಿಕದ ಇನ್ನೊಂದು ದೊಡ್ಡ ಗಿಟಾರ್ ಕಂಪನಿ ಫೆಂಡರ್ ಎಲ್ಲಿಯೂ ಇಲ್ಲ. ಆದರೂ ಫೆಂಡರ್ ಆಕಾರದ ಬೇಸ್‌ಗಳನ್ನೇ ‘ಲಾಸೂಟ್’ ಎಂದು ಮಾರುತ್ತಾರೆ. ಬೇರೆ ಕಾರ್ಖಾನೆ, ಬೇರೆ ದಶಕದವಕ್ಕೂ ಅದೇ ಬಿರುದು. ಈ ಪದ ಕಂಡ ಜಾಹೀರಾತನ್ನು ನಾನು ಮುಂದಕ್ಕೆ ಓದುವುದಿಲ್ಲ.

ಫೆಂಡರ್‌ನ ನಿಜವಾದ ಕಥೆ ಇದಕ್ಕಿಂತ ಸ್ವಾರಸ್ಯಕರ. 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಆ ಕಂಪನಿಯನ್ನು 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರಿಗೆ ಕೊಂಡಿತು. 1970ರ ದಶಕದಲ್ಲಿ ಗುಣಮಟ್ಟ ಕುಸಿಯಿತು, ಜಪಾನಿನ ನಕಲುಗಳು ಅಸಲಿಗಿಂತ ಅಚ್ಚುಕಟ್ಟಾಗಿರತೊಡಗಿದವು. 1981ರಲ್ಲಿ ಸಿಬಿಎಸ್ ಯಮಹಾದ ಅಮೆರಿಕ ಶಾಖೆಯಿಂದಲೇ ಅಧಿಕಾರಿಗಳನ್ನು ಕರೆತಂದಿತು. ಅವರು ಮರುವರ್ಷ ಫೆಂಡರ್ ಜಪಾನ್ ಹುಟ್ಟುಹಾಕಿದರು. ಪಾಲುದಾರರು ಯಾಮಾನೋ ಗಕ್ಕಿ ಮತ್ತು ಗ್ರೆಕೋ ಒಡೆಯರಾದ ಅದೇ ಕಾಂಡಾ ಶೋಕಾಯ್. ತಯಾರಿಸಿದವರು ಅದೇ ಫೂಜಿಗೆನ್. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು, ಮನೆ ಮಾತ್ರ ಹಿಂದೆಂದಿಗಿಂತ ಭದ್ರವಾಯಿತು. ನಿನ್ನೆಯ ತನಕ ನಕಲು ಎನಿಸಿಕೊಂಡ ಕೆಲಸದ ಮೇಲೆ ಇಂದು ಅಸಲಿ ಮೊಹರು ಬಿತ್ತು. 1985ರಲ್ಲಿ ಆ ಅಧಿಕಾರಿಗಳಲ್ಲಿ ಒಬ್ಬರಾದ ಬಿಲ್ ಶುಲ್ಟ್ಸ್ ಮತ್ತು ಸಂಗಡಿಗರು ಸಿಬಿಎಸ್‌ನಿಂದ ಫೆಂಡರ್ ಬಿಡಿಸಿಕೊಂಡಾಗ ಫುಲರ್ಟನ್‌ನ ಹಳೆಯ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಹೊಸದು ಸಜ್ಜಾಗುವ ತನಕ ಫೆಂಡರ್ ಹೆಸರನ್ನು ಬದುಕಿಸಿದ್ದು ಮುಖ್ಯವಾಗಿ ಜಪಾನಿನ ಸರಕು.

ಹಾಗಾಗಿ ‘ಜೆವಿ’ ಎಂದು ಶುರುವಾಗುವ ಸಂಖ್ಯೆಗಳಿಗೆ ಅಷ್ಟು ಬೇಡಿಕೆ. ಜಪಾನ್ ವಿಂಟೇಜ್ ಎಂಬುದರ ಸಂಕ್ಷೇಪ, 1982ರಿಂದ 84ರವರೆಗಿನವು. ‘ಎಸ್‌ಕ್ಯೂ’ ಅದರ ಬೆನ್ನಿಗೆ ಬಂದದ್ದು, ‘ಇ’ ಅದರ ನಂತರದ್ದು. ಅಂದಹಾಗೆ ಜಪಾನಿನೊಳಗೆ ಮಾರಿದ ಮಾದರಿಗಳ ಹೆಸರಿನಲ್ಲೇ ಬೆಲೆ ಅಡಗಿರುತ್ತದೆ. ಫೆಂಡರ್ ಜಪಾನಿನ ಜೆಬಿ62-75 ಎಂದರೆ ಅಂದಿನ ಬೆಲೆ 75,000 ಯೆನ್, ಕೊನೆಯಲ್ಲಿ 115 ಇದ್ದರೆ 1,15,000. ಬೆಲೆಚೀಟಿಯನ್ನು ಹೆಸರಿನಲ್ಲೇ ಹೊತ್ತು ತಿರುಗುವ ಈ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು.

ಯಮಹಾದ ಲೆಕ್ಕ ಬೇರೆ. ಅವರ ಬಿಬಿ ಸರಣಿ 1977ರಲ್ಲಿ ಶುರುವಾಯಿತು. ಬ್ರಾಡ್ ಬೇಸ್ ಎಂದು ಅದರ ವಿಸ್ತಾರ. ಇದು ಯಾರ ನಕಲೂ ಅಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಕೈಯಲ್ಲೂ ಬಿಬಿ1200 ಕಾಣಿಸಿಕೊಂಡಿದೆ. 1980 ಮತ್ತು 90ರ ದಶಕಗಳ ಯಮಹಾ ಸಂಖ್ಯೆಗಳಲ್ಲಿ ಮೊದಲೆರಡು ಅಕ್ಷರಗಳೇ ಬೀಗದ ಕೈ, ಮೊದಲನೆಯದು ವರ್ಷ, ಎರಡನೆಯದು ತಿಂಗಳು: ಎಚ್ ಎಂದರೆ 1, ಐ ಎಂದರೆ 2, ಹೀಗೆ ಪಿ ತನಕ 9. ತಿಂಗಳಿಗಾದರೆ ಅಕ್ಟೋಬರಿಗೆ ಎಕ್ಸ್, ನವೆಂಬರಿಗೆ ವೈ, ಡಿಸೆಂಬರಿಗೆ ಜೆಡ್. ನನ್ನ ಬಿಬಿಯ ಮೇಲೆ ‘ಎಲ್‌ಕೆ’ ಇತ್ತು. 5 ಮತ್ತು 4. ಐದನೆಯ ವರ್ಷದ ಏಪ್ರಿಲ್. ಯಾವ ದಶಕದ ಐದು? 1985 ಇರಬಹುದು, 1995 ಕೂಡ ಇರಬಹುದು. ಅದನ್ನು ಸಂಖ್ಯೆ ಹೇಳುವುದಿಲ್ಲ, ಮಾದರಿ ಯಾವಾಗ ಮಾರುಕಟ್ಟೆಯಲ್ಲಿತ್ತು ಎಂಬುದನ್ನು ಹುಡುಕಿ ನಾವೇ ಹೇಳಿಕೊಳ್ಳಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮರಳಿ ಬರುವ ಪಂಚಾಂಗ ನೋಡಿ ಬೆಳೆದವನಿಗೆ ಇದು ಹೊಸತಲ್ಲ. ಅಜ್ಜಿ ‘ನಾನು ಪ್ಲವ ಸಂವತ್ಸರದವಳು’ ಎಂದರೆ ಯಾವ ಪ್ಲವ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

2016ರ ಹೊತ್ತಿಗೆ ಮನೆಯಲ್ಲಿ ಐದು ಬೇಸ್‌ಗಳಾದವು. ಗ್ರೆಕೋ, ಬಿಬಿ, ಒಂದು ಆರಿಯಾ, ಫೆಂಡರ್‌ನದೇ ಅಗ್ಗದ ಹೆಸರಾದ ಸ್ಕ್ವಾಯರ್‌ನ ಒಂದು ಜೆವಿ, ಜೊತೆಗೆ ಪಿಟೀಲಿನ ಆಕಾರದ ಹೆಸರಿಲ್ಲದ ಒಂದು ಪುಟ್ಟ ಬೇಸ್. ಬೀಟಲ್ಸ್ 1966ರಲ್ಲಿ ತೋಕಿಯೋದ ಬುದೋಕಾನ್ ಸಭಾಂಗಣದಲ್ಲಿ ನುಡಿಸಿಹೋದ ಮೇಲೆ, ಮೆಕಾರ್ಟ್ನಿ ನುಡಿಸುತ್ತಿದ್ದಂಥ ಪಿಟೀಲಿನಾಕಾರದ ಬೇಸ್‌ಗಳನ್ನು ಅಲ್ಲಿನ ಕಾರ್ಖಾನೆಗಳು ಧಾರಾಳವಾಗಿ ಮಾಡಿದವು. ಗೋಡೆಗೆ ಬಹಳ ಚಂದ. ನುಡಿಸಲು ಕೂತರೆ ಹನ್ನೆರಡನೆಯ ಫ್ರೆಟ್ ದಾಟಿದ ಮೇಲೆ ಶ್ರುತಿ ನಮ್ಮ ಮಾತು ಕೇಳುವುದಿಲ್ಲ. ಅದನ್ನು ಆರು ತಿಂಗಳಲ್ಲಿ ದಾಟಿಸಿದೆ. ಒಂದೊಂದೂ ನಾಲ್ಕು ಕಿಲೋ ತೂಗುವ ಉಳಿದ ನಾಲ್ಕು, ಒಂದೂವರೆ ಕೋಣೆಯ ಮನೆಯಲ್ಲಿ ನೆಂಟರಂತೆ ಕಾಲು ಚಾಚಿಕೊಂಡಿದ್ದವು. ಅಮ್ಮ ಫೋನಿನಲ್ಲಿ ಕೇಳಿದರು: “ನನ್ನ ತಂಬೂರಿಗೆ ನಾಲ್ಕು ತಂತಿ, ನಲವತ್ತು ವರ್ಷ ಸಾಕಾಗಿದೆ. ನಿನಗೆ ಹದಿನಾರು ತಂತಿ ಯಾಕಪ್ಪ?” ಉತ್ತರ ಇರಲಿಲ್ಲ. ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತದೆ ಎಂದೆಲ್ಲ ಹೇಳಿದೆ. “ಹೊಟ್ಟೆಗೆ ಊಟ ಹಾಕು” ಎಂದರು.

ಆ ವರ್ಷದ ಮಳೆಗಾಲದಲ್ಲಿ ಗ್ರೆಕೋದ ತಂತಿಗಳು ಫ್ರೆಟ್‌ಬೋರ್ಡಿನಿಂದ ತುಂಬ ಮೇಲೆದ್ದವು. ನೆಕ್‌ನ ಬಾಗು ತಿದ್ದುವ ಒಳಗಿನ ಸರಳು, ಟ್ರಸ್ ರಾಡ್, ತಿರುಗಿಸಿದ್ದು ಸಾಲಲಿಲ್ಲ. ಕೊಂಡು ನಾಲ್ಕು ವರ್ಷವಾದ ಮೇಲೆ ಮೊದಲ ಸಲ ಬೆನ್ನಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದೆ.

ತಗಡು ಬಂತು. ನೆಕ್ ಬಂತು. ನೆಕ್‌ನ ಬುಡದಲ್ಲಿ ಎಂಟು ತೂತುಗಳಿದ್ದವು. ನಾಲ್ಕನ್ನು ಮರದ ಬೆಣೆ ಹೊಡೆದು ಮುಚ್ಚಿ, ಪಕ್ಕದಲ್ಲಿ ಹೊಸದಾಗಿ ನಾಲ್ಕು ಕೊರೆದಿದ್ದರು. ಅಂದರೆ ಈ ನೆಕ್ ಹುಟ್ಟಿದ್ದು ಬೇರೆ ಯಾವುದೋ ದೇಹಕ್ಕಾಗಿ. ಬುಡದ ಮೇಲೆ ಮಾಸಿದ ನೀಲಿ ಶಾಯಿಯ ಎರಡಂಕಿಯ ಮುದ್ರೆ, ದೇಹದ ಕುಳಿಯಲ್ಲಿ ಪೆನ್ಸಿಲಿನ ಬೇರೆ ಅಂಕಿ. ಒಂದಕ್ಕೊಂದು ಸಂಬಂಧವಿಲ್ಲ. ತಂತಿ ಬಿಗಿಯುವ ಕೀಲಿಗಳ ಸುತ್ತಲೂ ಹಿಂದೆ ಬೇರೆ ಅಳತೆಯ ಕೀಲಿಗಳಿದ್ದ ಗುರುತು. ನಾನು ನಾಲ್ಕು ವರ್ಷ ಹಾಡಿ ಹೊಗಳಿದ 1978ರ ಆಗಸ್ಟ್ ಎಂಬುದು ಒಂದು ತಗಡಿನ ಜನ್ಮದಿನ. ಆ ತಗಡಿಗೆ ದೇಹದೊಂದಿಗಾದರೂ ಹುಟ್ಟುಸಂಬಂಧ ಇತ್ತೆಂದು ಹೇಗೆ ಹೇಳುವುದು? ಅದನ್ನು ಬದಲಿಸಲು ಐದು ನಿಮಿಷ ಸಾಕು. ಇಂಥ ವಾದ್ಯಕ್ಕೆ ನಮ್ಮ ಕಡೆಯ ಪದವೇ ಸರಿ: ಕೂಡಿಕೆ.

ಕುಳಿಯೊಳಗೆ ನೆಕ್‌ನ ಕೋನ ಸರಿಮಾಡಲು ಯಾರೋ ವಿಸಿಟಿಂಗ್ ಕಾರ್ಡಿನ ತುಂಡೊಂದನ್ನು ಇಟ್ಟಿದ್ದರು. ಕತ್ತರಿಸಿ ಉಳಿದದ್ದರಲ್ಲಿ ಓದಲು ಬರುತ್ತಿದ್ದದ್ದು ‘ನಿ-ಚೋಮೆ’ ಅಷ್ಟೇ, ಅಂದರೆ ಎರಡನೆಯ ಬ್ಲಾಕ್. ಯಾವ ಊರಿನ ಎರಡನೆಯ ಬ್ಲಾಕೋ.

ಮುನಿಸಿನಲ್ಲಿ ಮತ್ತೆ ಜೋಡಿಸುವಾಗ ಒಂದು ಸ್ಕ್ರೂವನ್ನು ಅಡ್ಡಾದಿಡ್ಡಿ ತಿರುಗಿಸಿ ತೂತನ್ನೇ ಹಾಳುಮಾಡಿದೆ. ಸ್ಕ್ರೂ ಹಿಡಿತವಿಲ್ಲದೆ ಸುತ್ತುತ್ತಿತ್ತು. ಮರುದಿನ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ರಿಪೇರಿಯ ಮುದುಕನ ಬಳಿಗೆ ಒಯ್ದೆ. ಅವರು ನೋಡಿ ನಗಲಿಲ್ಲ, ಅದೇ ದೊಡ್ಡದು. ಹಲ್ಲುಕಡ್ಡಿಗಳಿಗೆ ಅಂಟು ಸವರಿ ತೂತಿಗೆ ತುಂಬಿ, ಒಣಗಿದ ಮೇಲೆ ಕತ್ತರಿಸಿದರು. ಆಮೇಲೆ ಉಳಿದ ಮೂರು ಸ್ಕ್ರೂಗಳನ್ನು ಕೂರಿಸುತ್ತಾ ನನ್ನ ಬೆರಳನ್ನು ಹಿಡಿದು ಸ್ಕ್ರೂಡ್ರೈವರಿನ ಮೇಲಿಟ್ಟು ಹಿಮ್ಮುಖವಾಗಿ ತಿರುಗಿಸಿದರು. ಬಿಚ್ಚುವ ದಿಕ್ಕಿಗೆ. ಅರ್ಧ ಸುತ್ತು ಬರುವಷ್ಟರಲ್ಲಿ ಸಣ್ಣಗೆ ಟಕ್ ಎಂದಿತು. ಸ್ಕ್ರೂ ತನ್ನ ಹಳೆಯ ಎಳೆಗೆ ಇಳಿದಾಗ ಬರುವ ಸದ್ದು. ಈಗ ಬಿಗಿ ಎಂದು ಸನ್ನೆ ಮಾಡಿದರು. ಆ ಟಕ್ ಕೇಳದೆ ಬಿಗಿದರೆ ಮರದಲ್ಲಿ ಹೊಸ ದಾರಿ ಕೊರೆಯುತ್ತದೆ, ಎರಡು ಮೂರು ಸಲಕ್ಕೆ ಹಿಡಿತವೇ ಉಳಿಯುವುದಿಲ್ಲ.

ಹೊರಡುವಾಗ ಅವರು ಫ್ರೆಟ್‌ಬೋರ್ಡಿಗೆ ಉಗುರು ತಾಗಿಸಿ, ನನ್ನನ್ನು ನೋಡಿ, “ಇಂದೋ” ಎಂದರು. ಇಂಡಿಯಾ. ನಾನು ನನ್ನ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು ಹೌದೆಂದೆ. ಅವರು ಮತ್ತೆ ಫ್ರೆಟ್‌ಬೋರ್ಡನ್ನೇ ತಟ್ಟಿದರು. ಆಗ ಹೊಳೆಯಿತು. ಬ್ರೆಜಿಲ್‌ನ ರೋಸ್‌ವುಡ್ ದುರ್ಲಭವಾದ ಮೇಲೆ ಪ್ರಪಂಚದ ಗಿಟಾರ್ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡದ್ದು ಇಂಡಿಯನ್ ರೋಸ್‌ವುಡ್ ಅನ್ನು. ಅದು ನಮ್ಮ ಬೀಟೆ. ಮೈಸೂರಿನ ಕುಸುರಿ ಕೆಲಸದವರು ಕೆತ್ತಿ ಕೂರಿಸುವ, ನಮ್ಮ ತಾತನ ಮಂಚದ, ಪಶ್ಚಿಮ ಘಟ್ಟದ ಬೀಟೆ. ನೆಕ್ ಯಾವ ಬೇಸ್‌ನದೋ, ಯಾವ ವರ್ಷದ್ದೋ. ಮರದ ಜಾತಿಯನ್ನು ಮಾತ್ರ ನಾನು ಗುರುತಿಸಬೇಕಾಗಿತ್ತು, ನಾಲ್ಕು ವರ್ಷ ಬೆರಳಾಡಿಸಿಯೂ ಗುರುತಿಸಿರಲಿಲ್ಲ.

2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದ ಬೀಟೆಯ ಕುಲದ ಮರಗಳ ಸಾಗಾಟವನ್ನೆಲ್ಲ ನಿಯಂತ್ರಣಕ್ಕೆ ತಂದಿತು. ವಾದ್ಯಗಳಿಗೆ ಅದರಿಂದ ಬಿಡುಗಡೆ ಸಿಕ್ಕಿದ್ದು 2019ರ ಕೊನೆಗೆ. ನಾನು ಊರಿಗೆ ಮರಳಿದ್ದು ನಡುವೆ, 2018ರಲ್ಲಿ. ಮಾರಾಟಕ್ಕಲ್ಲದೆ ಒಯ್ಯುವುದಕ್ಕೆ 10 ಕಿಲೋ ತನಕ ವಿನಾಯಿತಿ ಇತ್ತು. ಸಾಹಸ ಬೇಡವೆಂದು ಎರಡನ್ನೇ ತಂದೆ. ಆರಿಯಾ ಮತ್ತು ಜೆವಿ ಅಲ್ಲೇ ಮಾರಿದೆ, ಕೊಂಡದ್ದಕ್ಕಿಂತ ಹೆಚ್ಚಿಗೆ. ತಂದದ್ದು ಬಿಬಿ ಮತ್ತು ಕೂಡಿಕೆಯ ಗ್ರೆಕೋ. ಏಕೆ ಅದು ಎಂದು ಹೆಂಡತಿ ಕೇಳಿದಳು. ಜಪಾನಿನಲ್ಲಿ ಅದಕ್ಕೆ ಬೆಲೆ ಬರುತ್ತಿರಲಿಲ್ಲ ಎಂಬುದು ನಿಜವಾದ ಕಾರಣ. ಅದರ ದನಿಯೂ ಚೆನ್ನಾಗಿತ್ತು, ಅದನ್ನೂ ಸೇರಿಸಿ ಹೇಳಿದೆ.

ಬೆಂಗಳೂರಿನ ಮನೆಯಲ್ಲಿ ಐದು ವರ್ಷ ಕಪಾಟಿನ ಹಿಂದೆ ನಿಂತಿದ್ದ ಅದನ್ನು ಕೊನೆಗೆ ಮಾರಲು ಜಾಹೀರಾತು ಹಾಕಿದೆ. ಹಮಾಮಾತ್ಸುವಿನ ಚೀಟಿಯ ಮಾದರಿಯಲ್ಲೇ ಬರೆದೆ: ನೆಕ್ ಬೇರೆ ಬೇಸ್‌ನದು, ತಯಾರಾದ ವರ್ಷ ಖಚಿತವಿಲ್ಲ, ಕೀಲಿಗಳು ಬದಲಾಗಿವೆ, ಫ್ರೆಟ್‌ಗಳು ಅರ್ಧ ಸವೆದಿವೆ. ಮೊದಲು ಬಂದ ಮೂರು ಕರೆಗಳೂ “ಇದು ಲಾಸೂಟ್ ಮಾಡೆಲ್ ತಾನೆ ಸರ್?” ಎಂದೇ ಶುರುವಾದವು. ನಾಲ್ಕನೆಯದಾಗಿ, ಚರ್ಚಿನ ಗಾಯನವೃಂದದಲ್ಲಿ ನುಡಿಸುವ ಕಾಲೇಜು ಹುಡುಗಿಯೊಬ್ಬಳು ತಂದೆಯೊಂದಿಗೆ ಮನೆಗೇ ಬಂದಳು. ಅರ್ಧ ಗಂಟೆ ನುಡಿಸಿದಳು. ತಂದೆ ಸೋಫಾದಲ್ಲಿ ಕೂತು ಜಾಹೀರಾತನ್ನು ಮತ್ತೆ ಮತ್ತೆ ಓದುತ್ತಿದ್ದರು.

“ಅಂಕಲ್, ನೆಕ್ ಬೇರೆಯದು ಎಂದು ಬರೆದಿದ್ದೀರಲ್ಲ, ಬಿಚ್ಚಿ ನೋಡಬಹುದೇ?”

ಸ್ಕ್ರೂಡ್ರೈವರ್ ಕೊಟ್ಟೆ. ಅವಳು ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಮೂಲೆಯದೆಂದು ತಪ್ಪದಂತೆ ಕಾಗದದ ಮೇಲೆ ಸಾಲಾಗಿ ಇಟ್ಟಳು. ಎಂಟು ತೂತುಗಳನ್ನು ಎಣಿಸಿದಳು. ಕಾರ್ಡಿನ ತುಂಡನ್ನು ಬೆಳಕಿಗೆ ಹಿಡಿದು ಇದೇನು ಬರೆದಿದೆ ಎಂದು ಕೇಳಿದಳು, ಹೇಳಿದೆ, ಇದ್ದಲ್ಲೇ ಇಟ್ಟಳು. ಮರಳಿ ಜೋಡಿಸಲು ಕೈ ಹಾಕಿದಾಗ ತಡೆದು, ಮೊದಲು ಹಿಂದಕ್ಕೆ ತಿರುಗಿಸು ಎಂದೆ. ಟಕ್ ಎಂದಿತು. ಅವಳ ಹುಬ್ಬು ಮೇಲಕ್ಕೆ ಹೋಯಿತು. ಎರಡನೆಯದು, ಟಕ್. ಮೂರನೆಯದು, ಟಕ್. ನಾಲ್ಕನೆಯದನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿದರೂ ಸದ್ದು ಬರಲಿಲ್ಲ.

“ಇದು ಯಾಕೆ ಹೀಗೆ?”

“ಅದು ನಾನು ಹಾಳು ಮಾಡಿದ್ದು. ಒಳಗೆ ಹಲ್ಲುಕಡ್ಡಿ ಇದೆ. ಗಟ್ಟಿಯಾಗಿಯೇ ಕೂರುತ್ತದೆ, ಮೆಲ್ಲಗೆ ಬಿಗಿ.”

ತಂದೆ ಮೊಬೈಲಿನಿಂದ ತಲೆಯೆತ್ತಿದರು. “ಇದು ಜಾಹೀರಾತಿನಲ್ಲಿ ಇಲ್ಲವಲ್ಲ ಸಾರ್?”

ಇರಲಿಲ್ಲ. ಐನೂರು ರೂಪಾಯಿ ಇಳಿಸಿದೆ.